ಪರಭೃತನ ಸಾಕುತಾಯಿ

ಅಮರಕೋಶದಲ್ಲಿ ಕೋಗಿಲೆಗೆ ‘ಪರಭೃತ’ವೆಂದೂ ಕಾಗೆಗೆ ‘ಪರಭೃತ್’ ಎಂದೂ ಹೆಸರುಂಟು. ಮೊದಲನೆಯದು ಪರರಿಂದ ಸಾಕಲ್ಪಟ್ಟದ್ದು. ಎರಡನೆಯದು ಪರರನ್ನು ಸಾಕುವುದು. ನಮ್ಮಲ್ಲಿ ಕಾಗೆಗೆ ಒದಗಿದ ಈ ಪಾಡು ಇಂಗ್ಲೆಂಡಿನಲ್ಲಿ ಅದಕ್ಕಿಂತ ಎಷ್ಟೋ ಕಿರಿದಾದ ಒಂದು ಹಕ್ಕಿಗೆ ಒದಗಿರುವುದು. ಅದನ್ನು ಜೊಂಡಿನ ಉಲಿಯಕ್ಕಿಯೆಂದು ಕರೆಯಬಹುದು.

ಅದರ ತೂಕ ಸುಮಾರು 12 ಗ್ರಾಂ. ಹಳೆಯ ಲೆಕ್ಕದಲ್ಲಿ ಒಂದು ತೊಲ. ಚಳಿಗಾಲವನ್ನು ಆಫ್ರಿಕಾದಲ್ಲಿ ಕಳೆದು, ಸಹಾರಾ ಮರುಭೂಮಿಯನ್ನು ದಾಟಿ, ವಸಂತದಲ್ಲಿ ಅದು ಇಂಗ್ಲೆಂಡಿನ ಜೌಗುನೆಲಗಳಿಗೆ ಬರುವುದು. ನೀರಿನಲ್ಲಿ ನಿಂತ ಕೆಲವು ಜೊಂಡಿನ ಕಡ್ಡಿಗಳನ್ನೇ ಕಂಬಗಳನ್ನಾಗಿ ಮಾಡಿಕೊಂಡು, ಬಟ್ಟಲಿನಂತಹ ಗೂಡನ್ನು ಹೆಣೆದು, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುವುದು.

ಕೋಗಿಲೆಯ ದಾಯಾದಿಯಾದ ಕುಕ್ಕೂ ಹಕ್ಕಿ ಈ ಗೂಡಿಗಾಗಿ ಹೊಂಚುಹಾಕಿರುವುದು. ಒಂದು ಮೊಟ್ಟೆಯನ್ನು ಕಚ್ಚಿಕೊಂಡು, ಅದೇ ಬಣ್ಣದ ತನ್ನ ಮೊಟ್ಟೆಯನ್ನಿಟ್ಟು, ಸುಮಾರು ಹತ್ತು ಸೆಕೆಂಡುಗಳಲ್ಲಿ ಹಾರಿಹೋಗುವುದು. ಅದರ ಮರಿ ಸಾಮಾನ್ಯವಾಗಿ ಮೊದಲೇ ಹೊರಬಂದು, ಕಣ್ಣು ತೆರೆಯುವ ಮುನ್ನವೇ ಉಳಿದ ಮೊಟ್ಟೆಗಳನ್ನು ಬೆನ್ನಮೇಲೆ ಹೊತ್ತು ಗೂಡಿನಾಚೆಗೆ ಉರುಳಿಸಿಬಿಡುವುದು. ಇದನ್ನು ಕಂಡು 1788ರಲ್ಲಿ ಪ್ರಕಟಿಸಿದವನು, ಮುಂದೆ ಸಿಡುಬಿಗೆ ದೇವಿ ಹಾಕುವ ಕ್ರಮದಿಂದ ಪ್ರಸಿದ್ಧನಾದ ವೈದ್ಯ ಎಡ್ವರ್ಡ್ ಜೆನ್ನರ್.

ಉಲಿಯಕ್ಕಿಯು ದಡ್ಡಹಕ್ಕಿಯೆ? ಅಲ್ಲ. ಕೇಂಬ್ರಿಜ್ಜಿನ ಸಮೀಪದ ವಿಕನ್ ಫೆನ್ ಎಂಬ ಜೌಗಿನಲ್ಲಿ ನಿಕ್ ಡೇವಿಸ್ ಎಂಬ ವಿದ್ವಾಂಸರು ಬಣ್ಣ ಹಚ್ಚಿದ ಕೃತಕ ಮೊಟ್ಟೆಗಳನ್ನು ಅದರ ಗೂಡಿನಲ್ಲಿಟ್ಟು ಪರೀಕ್ಷಿಸಿದರು. ತನ್ನದನ್ನು ಹೋಲದ ಮೊಟ್ಟೆಯನ್ನು ಅದು ಬಹುಮಟ್ಟಿಗೆ ನಿರಾಕರಿಸಿತು. ಹೀಗೆ ಮೊಟ್ಟೆಯನ್ನು ಶಂಕಿಸುವ ಹಕ್ಕಿ, ತನಗಿಂತ ಹಲವು ಮಡಿ ದೊಡ್ಡದಾಗಿ ಬೆಳೆದ ಮರಿಯನ್ನು ಮಾತ್ರ ಶಂಕಿಸದೆ, ಅದರ ಬಾಯಿಗೆ ಹುಳುಗಳನ್ನು ತುಂಬುತ್ತಲೇ ಇರುವುದು.

ಇದಕ್ಕೆ 1993ರಲ್ಲಿ ಆರ್ನನ್ ಲೋಟೆಮ್ ಎಂಬ ವಿಜ್ಞಾನಿ ಒಂದು ಸಮಾಧಾನವನ್ನು ಹೇಳಿದರು. ಮೊದಲ ಬಸಿರಿನ ಮರಿಯನ್ನು ನೋಡಿಯೇ ‘ನನ್ನ ಮರಿ ಹೀಗಿರುವುದು’ ಎಂದು ಹಕ್ಕಿ ಕಲಿಯುವುದಾದರೆ, ಆ ಸಲ ಗೂಡಿನಲ್ಲಿರುವುದು ಕುಕ್ಕೂ ಮರಿಯೊಂದೇ ಆಗಿದ್ದರೆ ಗತಿಯೇನು? ಮುಂದೆ ಹುಟ್ಟುವ ತನ್ನ ಸ್ವಂತ ಮರಿಗಳನ್ನೆಲ್ಲ ಪರರವೆಂದು ಅದು ಜೀವಮಾನವೆಲ್ಲ ತಳ್ಳಿಬಿಡುವುದು! ಮೊಟ್ಟೆಯ ವಿಷಯದಲ್ಲಿ ಈ ಭಯ ಕಡಿಮೆ. ಕುಕ್ಕೂವಿನ ಮೊಟ್ಟೆಯ ಜೊತೆಗೆ ಅದರ ಸ್ವಂತ ಮೊಟ್ಟೆಗಳೂ ಕಣ್ಣೆದುರಿಗಿರುವುವು.

ಆದುದರಿಂದ ಒಮ್ಮೆ ಮೋಸಹೋಗುವುದೇ ಅದಕ್ಕೆ ಕಡಿಮೆಯ ನಷ್ಟ. ಮಕ್ಕಳೊಂದಿಗರಾದ ನಾವು ಈ ಪುಟ್ಟ ತಾಯಿಯನ್ನು ಕಂಡು ನಗುವ ಮುನ್ನ ಒಂದು ಕ್ಷಣ ಯೋಚಿಸಬೇಕು. ಬಾಯ್ದೆರೆದ ಮರಿಯ ಮುಂದೆ ಶಂಕೆಯನ್ನು ಬಿಡುವ ಅದರ ನಡತೆಯಿಂದಲೇ ಆ ಜೊಂಡಿನಲ್ಲಿ ಅದರ ಕುಲ ಉಳಿದುಬಂದಿರುವುದು.