ಗಾಡಿಜಾಡಿನಲ್ಲಿ ಮೋಟಾರು ಬಂಡಿ: ಹಿಂದಿನ ಚಕ್ರಗಳಿಗೆ ಒಂದೇ ಅಚ್ಚೋ, ಬೇರೆ ಬೇರೆ ತೋಳುಗಳೋ?

ಮೈಸೂರು–ಬೆಂಗಳೂರು ಹೆದ್ದಾರಿಯ ರುದ್ರಾಕ್ಷಿಪುರದಿಂದ ಸುಮಾರು ೧೨ ಕಿಲೋಮೀಟರ್ ಒಳಗೆ, ಶಿಂಷಾ ನದಿಯ ಸಮೀಪದಲ್ಲಿರುವ ಕೊಕ್ಕರೆ ಬೆಳ್ಳೂರನ್ನು ಅರಿಯದವರು ಮದ್ದೂರು ಸೀಮೆಯಲ್ಲಿ ವಿರಳ. ಊರ ನಡುವಣ ಹುಣಸೆಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಹಿಕ್ಕೆಯನ್ನು ಇಲ್ಲಿನ ರೈತರು ಗೋಡುಮಣ್ಣಿನೊಡನೆ ಬೆರೆಸಿ ಹೊಲಗದ್ದೆಗಳಿಗೆ ಒಯ್ಯುತ್ತ ಬಂದಿದ್ದಾರೆ. ಗೊಬ್ಬರವು ಮರದಡಿಯಲ್ಲಿ ಪುಕ್ಕಟೆಯಾಗಿ ದೊರೆಯುವುದಾದರೂ ಅದನ್ನು ಹೊಲಕ್ಕೆ ಮುಟ್ಟಿಸುವ ಕೆಲಸವು ಪುಕ್ಕಟೆಯಾದುದಲ್ಲ. ಮಳೆಗಾಲದಲ್ಲಿ ಟ್ರ್ಯಾಕ್ಟರುಗಳು ಕೊರೆದ ಜಾಡು ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ, ನಡುವೆ ದಿಣ್ಣೆಯೂ ಇಕ್ಕೆಲಗಳಲ್ಲಿ ಹಳ್ಳವೂ ಉಳಿಯುತ್ತವೆ.

ಎ.ಟಿ.ವಿ. ಎಂದು ಕರೆಯಲ್ಪಡುವ, ದಪ್ಪ ಟೈರುಗಳುಳ್ಳ ನಾಲ್ಕು ಚಕ್ರದ ಸಣ್ಣ ಮೋಟಾರು ಬಂಡಿಯ ವಿಷಯವಾಗಿ ಈಚೆಗೆ ಈ ಭಾಗದ ರೈತರೊಬ್ಬರು ನನ್ನನ್ನು ವಿಚಾರಿಸಿದರು. "ಸ್ವಾಮಿ, ಹಿಂದಿನ ಚಕ್ರಕ್ಕೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರೋದನ್ನೇ ತಗೊಳ್ಳಿ ಅಂತಾರೆ. ಅದರಿಂದ ನಮಗೇನು ಬಂತು?" ಎಂಬುದು ಅವರ ಪ್ರಶ್ನೆ. ಕೇಳತಕ್ಕ ಪ್ರಶ್ನೆಯೇ ಸರಿ.

ಎತ್ತಿನ ಗಾಡಿಯ ಎರಡು ಚಕ್ರಗಳೂ ಒಂದೇ ಅಚ್ಚಿನಲ್ಲಿರುವುದರಿಂದ, ಒಂದು ಹಳ್ಳಕ್ಕಿಳಿದರೆ ಗಾಡಿಯೆಲ್ಲವೂ ಅತ್ತ ವಾಲುವುದು. ಒಂದೇ ಅಚ್ಚಿನ ಮೋಟಾರು ಬಂಡಿಯಲ್ಲಿ ಸ್ಪ್ರಿಂಗು ಈ ವಾಲಾಟವನ್ನು ತಗ್ಗಿಸಿದರೂ, ಒಂದು ಚಕ್ರ ಏರಿದಾಗ ಅಚ್ಚೇ ಓರೆಯಾಗಿ ಮತ್ತೊಂದು ಚಕ್ರವೂ ಓರೆಯಾಗುವುದು. ಎರಡನೆಯ ಬಗೆಯಲ್ಲಿ ಪ್ರತಿಯೊಂದು ಚಕ್ರಕ್ಕೂ ತನ್ನದೇ ತೋಳು, ತನ್ನದೇ ಸ್ಪ್ರಿಂಗು. ಇದನ್ನು ನೋಡಲು ದೂರ ಹೋಗಬೇಕಾದುದಿಲ್ಲ. ಆಟೋರಿಕ್ಷಾದ ಹಿಂಬದಿಯನ್ನು ಬಗ್ಗಿ ನೋಡಿದರೆ ಸಾಕು. ಒಂದೇ ಅಚ್ಚಿಗೆ ಕಮಾನು ಪಟ್ಟಿಗಳನ್ನು ಕಟ್ಟಿದ ಬಗೆಯನ್ನು ೨೦೦೫ರಲ್ಲಿ ಬಂದ ಟಾಟಾ ಏಸ್ ಗಾಡಿಯಲ್ಲಿ ಕಾಣಬಹುದು.

೧೯೭೦ರಲ್ಲಿ ಹೋಂಡಾ ಸಂಸ್ಥೆಯವರು ಹೊರತಂದ ಮೂರು ಚಕ್ರದ ಬಂಡಿಗೆ ಸ್ಪ್ರಿಂಗೇ ಇರಲಿಲ್ಲ. ಗಾಳಿ ತುಂಬಿದ ಟೈರೇ ಎಲ್ಲ ಪೆಟ್ಟನ್ನೂ ತಿನ್ನುತ್ತಿತ್ತು. ಹಿಂದಿನ ಚಕ್ರಗಳಿಗೆ ಬೇರೆ ಬೇರೆ ತೋಳು ಕೊಡುವ ಪದ್ಧತಿಯನ್ನು ಅಮೆರಿಕದ ಪೊಲಾರಿಸ್ ಸಂಸ್ಥೆಯು ೧೯೯೬ರ ಸುಮಾರಿಗೆ ತನ್ನ ಸ್ಪೋರ್ಟ್ಸ್‌ಮನ್ ೫೦೦ ಎಂಬ ಬಂಡಿಯಲ್ಲಿ ತಂದಿತು. ಇದೇ ವರ್ಗದ ಸ್ಪೋರ್ಟ್ಸ್‌ಮನ್ ೫೭೦ನ್ನು ೨೦೨೦ರಲ್ಲಿ ಭಾರತದಲ್ಲಿ ಟ್ರ್ಯಾಕ್ಟರೆಂದು ಪ್ರಮಾಣೀಕರಿಸಿ ಮಾರಾಟಕ್ಕಿಟ್ಟರು. ಅದರ ಹಿಂದಿನ ಚಕ್ರವು ಸುಮಾರು ೨೪ ಸೆಂಟಿಮೀಟರ್‌ಗಳಷ್ಟು ಏರಿಳಿಯಬಲ್ಲುದು.

ಈಗ ನಮ್ಮ ಜಾಡಿನ ಮಾತು. ಒಂದೇ ಅಚ್ಚಿನ ಬಂಡಿಯಲ್ಲಿ ಹಲ್ಲುಚಕ್ರದ ಪೆಟ್ಟಿಗೆ ಅಚ್ಚಿನ ಜೊತೆಯಲ್ಲಿಯೇ ತಗ್ಗಾಗಿ ತೂಗುವುದರಿಂದ ನಡುದಿಣ್ಣೆಯನ್ನು ಕೆರೆಯುವುದು. ಬೇರೆ ತೋಳುಗಳುಳ್ಳ ಬಂಡಿಯಲ್ಲಿ ಈ ಪೆಟ್ಟಿಗೆಯು ಚೌಕಟ್ಟಿಗೆ ಬಿಗಿಯಲ್ಪಟ್ಟು ಎತ್ತರದಲ್ಲಿರುವುದು. ಪೆಟ್ಟಿಗೆಯ ಭಾರವು ಚಕ್ರದೊಡನೆ ಕುಪ್ಪಳಿಸದಿರುವುದರಿಂದ ಚಕ್ರವು ಹಗುರಾಗಿ, ಹಳ್ಳವನ್ನು ದಾಟಿದೊಡನೆಯೇ ಮತ್ತೆ ನೆಲವನ್ನು ಹಿಡಿಯುವುದು. ಸರಕಿಗೂ ಪೆಟ್ಟು ಕಡಮೆ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವವರು ಈ ಮಾತನ್ನು ಗಮನಿಸತಕ್ಕದ್ದು: ಕುಲುಕಾಟದಲ್ಲಿ ಒಳಗಿನ ಕೋಶ ಜಜ್ಜಿದರೆ ಗೂಡಿಗೆ ಕಲೆ ತಗಲಿ ಬೆಲೆ ಇಳಿಯುವುದು. ತೋಟದಿಂದ ಡಾಂಬರು ರಸ್ತೆಯವರೆಗಿನ ಜಾಡೇ ಈ ಪ್ರಯಾಣದಲ್ಲಿ ಹೆಚ್ಚು ಕೆಟ್ಟುದು. ಟೊಮೇಟೊ ಬೆಳೆಯುವವರಿಗೂ ಇದೇ ಮಾತು.

ಆದರೆ ಗೊಬ್ಬರದ ಮೂಟೆಗಳನ್ನು ಹೇರಿದಾಗ ಲೆಕ್ಕ ತಿರುಗುವುದು. ಒಂದೇ ಅಚ್ಚಿನ ಬಂಡಿಯ ಮೇಲೆ ಎಷ್ಟು ಹೇರಿದರೂ, ಟೈರು ತಗ್ಗಿದಷ್ಟು ಹೊರತು, ಆ ಪೆಟ್ಟಿಗೆಯು ನೆಲದಿಂದ ಇರುವ ಎತ್ತರ ಕಡಮೆಯಾಗದು. ಬೇರೆ ತೋಳುಗಳ ಬಂಡಿಯಲ್ಲಾದರೋ ಹೊರೆ ಬಿದ್ದಂತೆ ಚೌಕಟ್ಟೂ ಪೆಟ್ಟಿಗೆಯೂ ಕೂಡಿಯೇ ಕುಸಿಯುವುವು. ಖಾಲಿಯಾಗಿ ದಿಣ್ಣೆಯನ್ನು ನಿರಾಯಾಸವಾಗಿ ದಾಟಿದ ಬಂಡಿಯು ಮರಳಿ ಬರುವಾಗ ಅಲ್ಲಿಯೇ ಹೊಟ್ಟೆಯಾನಿಸಿ ನಿಲ್ಲಬಹುದು. ಸ್ಪ್ರಿಂಗನ್ನು ಬಿಗಿಮಾಡುವ ಅನುಕೂಲವು ಅನೇಕ ಬಂಡಿಗಳಲ್ಲಿ ಉಂಟು. ಅದನ್ನು ತಿರುಗಿಸುವ ಶ್ರಮವನ್ನು ಯಾರೂ ತೆಗೆದುಕೊಳ್ಳರು.

ಇನ್ನೊಂದು ಖರ್ಚಿನ ಬಾಬು. ಬೇರೆ ತೋಳಿನ ಬಂಡಿಯಲ್ಲಿ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಕೀಲುಗಳಿಗೆ ರಬ್ಬರಿನ ಚೀಲಗಳನ್ನು ಹಾಕಿ ಒಳಗೆ ಗ್ರೀಸ್ ತುಂಬಿರುತ್ತಾರೆ. ಕಬ್ಬಿನ ಕೂಳೆಯಾಗಲಿ ಜಾಲಿಯ ಮುಳ್ಳಾಗಲಿ ತಗಲಿ ಆ ಚೀಲ ಹರಿದರೆ ಕೆಸರು ಒಳಹೊಕ್ಕು ಕೀಲು ಸವೆಯುವುದು. ಚೀಲಕ್ಕೆ ತಗಲುವುದು ಅಲ್ಪ, ಕೀಲಿಗೆ ಬಹಳ. ವಾರಕ್ಕೊಮ್ಮೆ ಬಂಡಿಯ ಕೆಳಗೆ ಕೈಯಾಡಿಸಿ ನೋಡುವ ಸಹನೆಯಿಲ್ಲದವರು ಒಂದೇ ಅಚ್ಚಿನದನ್ನು ಕೊಳ್ಳುವುದು ಮೇಲು.

ಎಲ್ಲಕ್ಕಿಂತಲೂ ಮುಖ್ಯವಾದುದು ಓರೆ ನೆಲದ ವಿಚಾರ. ಒಮ್ಮೆ ನಾನೇ ಇಂಥ ಮೆತ್ತನೆಯ ಬಂಡಿಯಲ್ಲಿ ಮೂಟೆಗಳನ್ನಿಟ್ಟುಕೊಂಡು ನಾಲೆಯ ಏರಿಯ ಪಕ್ಕವನ್ನು ಅಡ್ಡಲಾಗಿ ಹಾಯಲು ಹೋದೆನು. ಕೆಳಬದಿಯ ಸ್ಪ್ರಿಂಗು ಒತ್ತಿಕೊಂಡು, ಮೇಲುಬದಿಯದು ಬಿಚ್ಚಿಕೊಂಡು, ಬಂಡಿಯು ಇಳಿಜಾರಿಗೆ ಇನ್ನಷ್ಟು ವಾಲಿತು. ಮೇಲಣ ಚಕ್ರ ನೆಲ ಬಿಡುವಂತಾದಾಗ ಇಳಿದು, ಮೂಟೆಗಳನ್ನು ಕೆಡವಿ, ಬೆವರೊರಸಿಕೊಂಡೆನು. ಒಂದೇ ಅಚ್ಚು ಹೀಗೆ ವಾಲುವುದನ್ನು ಸ್ವಲ್ಪ ತಡೆಯುವುದು, ಉರುಳುವುದನ್ನು ತಪ್ಪಿಸದು. ಆಸ್ಟ್ರೇಲಿಯ ದೇಶದ ಹೊಲಗಳಲ್ಲಿ ಇಂಥ ಬಂಡಿಗಳು ಮಗುಚಿ ಜನರು ಸತ್ತುದರಿಂದ, ೨೦೨೧ರ ಅಕ್ಟೋಬರ್ ತಿಂಗಳಿನಿಂದ ಅಲ್ಲಿ ಕೃಷಿಕೆಲಸಕ್ಕೆ ಮಾರುವ ಹೊಸ ಬಂಡಿಗಳಿಗೆ ಸವಾರನನ್ನು ಕಾಯುವ ಚೌಕಟ್ಟನ್ನು ಕಡ್ಡಾಯ ಮಾಡಿದರು. ಹಾದಿ ಮೆತ್ತಗೆನಿಸಿದೊಡನೆ ವೇಗ ಹೆಚ್ಚಿಸುವುದು ಯುವಕರ ಸ್ವಭಾವ. ಈ ಬಂಡಿಯನ್ನು ಅವರ ಕೈಗೆ ಕೊಡುವ ತಂದೆಯರು ಇದನ್ನು ಮರೆಯಬಾರದು.

ನನ್ನನ್ನು ಕೇಳಿದ ರೈತರಿಗೆ ಹೇಳಿದುದಿಷ್ಟು. ಕಬ್ಬು ಸಾಗಿಸಲು ಇವೆರಡೂ ಬೇಡ. ಗಾಡಿಯೂ ಟ್ರ್ಯಾಕ್ಟರೂ ಇವೆ. ದಿನವೂ ಮೂಟೆ ಹೊರುವುದಾದರೆ ಒಂದೇ ಅಚ್ಚಿನದು ಸಾಕು. ಗೂಡು, ತರಕಾರಿ, ಔಷಧಿ ಸಿಂಪಡಿಸುವ ಯಂತ್ರ ಮೊದಲಾದ ಹಗುರ ಸರಕಿಗೆ, ಹಳ್ಳಬಿದ್ದ ಜಾಡಿನಲ್ಲಿ, ಬೇರೆ ತೋಳುಗಳದು ನಿಸ್ಸಂದೇಹವಾಗಿ ಮೇಲು. ಮಾರುವವರು ಖಾಲಿ ಬಂಡಿಯನ್ನು ಡಾಂಬರು ರಸ್ತೆಯಲ್ಲಿ ಓಡಿಸಿ ತೋರಿಸಿದರೆ ಒಪ್ಪತಕ್ಕದ್ದಲ್ಲ. ತಮ್ಮ ಹೊಲದ ಜಾಡಿಗೇ ತರಿಸಿ, ನಡುದಿಣ್ಣೆಯ ಎತ್ತರಕ್ಕೆ ಒಂದು ಕಡ್ಡಿಯನ್ನು ಕತ್ತರಿಸಿಕೊಳ್ಳಬೇಕು. ತಯಾರಕರು ಗೊತ್ತುಮಾಡಿದ ಪೂರ್ಣ ಹೊರೆಯನ್ನು ಹೇರಿ, ಸವಾರನನ್ನೂ ಕೂರಿಸಿದ ಮೇಲೆ, ಆ ಕಡ್ಡಿಯು ಹಿಂಬದಿಯ ಪೆಟ್ಟಿಗೆಯ ಕೆಳಗೆ ಸಡಿಲವಾಗಿ ನುಸುಳುವುದೇ ಎಂದು ನೋಡಿ, ಆಮೇಲೆ ಹಣದ ಮಾತನ್ನೆತ್ತಬಹುದು.