ಗರ್ಭಿಣಿಯರಿಗೆ ಪಾದ ಒತ್ತು ಚಿಕಿತ್ಸೆ: ತಿಳಿದಿರಬೇಕಾದ ಅಂಶಗಳು

ರಿಫ್ಲೆಕ್ಸಾಲಜಿ ಎಂಬುದು ಪಾದದ ನಿರ್ದಿಷ್ಟ ಭಾಗಗಳನ್ನು ಹೆಬ್ಬೆರಳಿನಿಂದ ಒತ್ತುವ ಪೂರಕ ವಿಧಾನವಾಗಿದೆ. ಅಂಗಾಲಿನ ಒಂದೊಂದು ಭಾಗಕ್ಕೂ ದೇಹದ ಒಂದೊಂದು ಅಂಗಕ್ಕೂ ಸಂಬಂಧವಿದೆ ಎಂಬುದು ಇದನ್ನು ಅನುಸರಿಸುವವರ ನಂಬಿಕೆ. ಇದಕ್ಕೆ ವೈಜ್ಞಾನಿಕ ಆಧಾರ ದೊರೆತಿಲ್ಲ. ಅಮೆರಿಕದ ಯೂನಿಸ್ ಇಂಗ್‌ಹ್ಯಾಮ್ ಅವರು 1930ರ ದಶಕದಲ್ಲಿ ಇದಕ್ಕೆ ಈಗಿನ ರೂಪ ನೀಡಿದರು. ಆಯುಷ್ ಪದ್ಧತಿಗಳಲ್ಲಿ ಇದು ಪ್ರತ್ಯೇಕ ಪದ್ಧತಿಯಾಗಿ ಸೇರಿರುವುದಿಲ್ಲ. ಮನೆಯ ಹಿರಿಯರು ಎಣ್ಣೆ ಹಚ್ಚಿ ಕಾಲು ನೀವುವ ರೂಢಿಯೇ ಬೇರೆ.

ಮೃದುವಾಗಿ ಪಾದ ಒತ್ತುವುದರಿಂದ ಆಯಾಸ ಕಡಿಮೆಯಾಗಿ ಮನಸ್ಸಿಗೆ ನೆಮ್ಮದಿ ದೊರೆಯಬಹುದು. ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ಸರಿಯಲ್ಲ. ಅಡ್ಡವಾಗಿರುವ ಮಗುವನ್ನು ತಿರುಗಿಸಲು, ರಕ್ತಹೀನತೆ ನಿವಾರಿಸಲು ಅಥವಾ ರೋಗ ಪತ್ತೆ ಮಾಡಲು ಇದರಿಂದ ಸಾಧ್ಯವಿಲ್ಲ.

ಗರ್ಭಿಣಿಯರು ಕಾಲು ಒತ್ತಿಸಿಕೊಳ್ಳಲು ಮುಂದಾಗುವುದು ಹೆಚ್ಚಾಗಿ ಪಾದ ಊದಿಕೊಂಡಾಗ. ಬಸುರಿಯ ಕಾಲು ಊದುವುದು ಸಹಜ ಎಂಬ ಮಾತು ಬಹುಮಟ್ಟಿಗೆ ನಿಜವೇ ಆದರೂ ಅಪಾಯವಿರುವುದೂ ಅಲ್ಲಿಯೇ. 20 ವಾರಗಳ ನಂತರ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ಮುಖ ಮತ್ತು ಕೈ ಊದಿಕೊಳ್ಳುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮೇಲುಹೊಟ್ಟೆಯ ನೋವು ಕಂಡುಬಂದಲ್ಲಿ ಅದು ಗರ್ಭನಂಜಿನ ಲಕ್ಷಣವಾಗಿರಬಹುದು. ಇದು ಫಿಟ್ಸ್‌ಗೆ ತಿರುಗಿ ತಾಯಿ ಮತ್ತು ಮಗುವಿನ ಪ್ರಾಣಕ್ಕೆ ಎರವಾಗಬಹುದು. ಒಂದೇ ಕಾಲು ಊದಿ, ಕೆಂಪಾಗಿ, ಮೀನಖಂಡ ನೋಯುತ್ತಿದ್ದಲ್ಲಿ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಅಂತಹ ಕಾಲನ್ನು ಯಾವ ಕಾರಣಕ್ಕೂ ಒತ್ತಬಾರದು, ನೀವಬಾರದು. ಆದ್ದರಿಂದ ಮೊದಲು ರಕ್ತದೊತ್ತಡ ಮತ್ತು ಮೂತ್ರ ಪರೀಕ್ಷೆ, ನಂತರ ಉಳಿದುದು. ರಕ್ತಸ್ರಾವ ಅಥವಾ ಅವಧಿಪೂರ್ವ ಹೆರಿಗೆಯ ಸೂಚನೆ ಇದ್ದವರೂ ಈ ಚಿಕಿತ್ಸೆ ಪಡೆಯಬಾರದು.

ಈ ಪರೀಕ್ಷೆಗಳನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡಲಾಗುತ್ತದೆ. ಗರ್ಭ ಧರಿಸಿದ 12 ವಾರಗಳೊಳಗೆ ಆಶಾ ಕಾರ್ಯಕರ್ತೆಯ ನೆರವಿನಿಂದ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯತಕ್ಕದ್ದು. ಹೆರಿಗೆಗೆ ಮುನ್ನ ಕನಿಷ್ಠ 4 ಬಾರಿ ತಪಾಸಣೆ ಅವಶ್ಯಕ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು, ನಾಲ್ಕನೆಯ ತಿಂಗಳಿನ ನಂತರದ ಗರ್ಭಿಣಿಯರಿಗೆ ವೈದ್ಯರಿಂದ ತಪಾಸಣೆ ನಡೆಯುತ್ತದೆ. ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಗರ್ಭಿಣಿಯರು ಆಯಾ ತಾಲ್ಲೂಕು ಆಸ್ಪತ್ರೆಯಲ್ಲಿ, ಚಿತ್ರದುರ್ಗದವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಪಾದ ಒತ್ತು ಚಿಕಿತ್ಸೆ ಪಡೆಯುತ್ತಿರುವವರು ಆ ವಿಷಯವನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸುವುದು.

ಮೇಲಿನ ಅಪಾಯದ ಲಕ್ಷಣಗಳು ಕಂಡುಬಂದಲ್ಲಿ 9ನೆಯ ತಾರೀಖಿಗಾಗಿ ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು. ಆಂಬುಲೆನ್ಸ್ ಸೇವೆಗೆ ಶುಲ್ಕವಿರುವುದಿಲ್ಲ.