ಗೋಡೆ ಗಡಿಯಾರ ನೋಡಿ ಕೋಡ್ ಅಳೆಯಬೇಡಿ

ಪುಣೆಯ ಹಿಂಜವಡಿಯಲ್ಲೋ ಹೈದರಾಬಾದಿನ ಮಾದಾಪುರದಲ್ಲೋ ಕೂತು ಕೋಡ್ ಬರೆಯುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಇದು ಓಡಲು ಎಷ್ಟು ಹೊತ್ತು ಬೇಕು ಎಂದು ಮ್ಯಾನೇಜರ್ ಕೇಳಿದರೆ ಏನು ಮಾಡುತ್ತೀರಿ? ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಟೈಮ್ ನೋಡಿ ಕಳೆಯುತ್ತೀರಿ. ಸರಿ, ಆದರೆ ನೋಡಿದ್ದು ಯಾವ ಗಡಿಯಾರ?

ಕಂಪ್ಯೂಟರಿನಲ್ಲಿ ಒಂದಕ್ಕಿಂತ ಹೆಚ್ಚು ಗಡಿಯಾರಗಳಿವೆ. ಈಗ ಗಂಟೆ ಎಷ್ಟೆಂದು ಹೇಳುವುದು ಗೋಡೆ ಗಡಿಯಾರದಂಥದ್ದು. ಇಂಟರ್ನೆಟ್ ಮೂಲಕ ಅದು ಆಗಾಗ ತಿದ್ದಿಕೊಳ್ಳುತ್ತದೆ; ಮುಂದೆ ಜಿಗಿಯಬಹುದು, ಹಿಂದೆಯೂ ಸರಿಯಬಹುದು. ಗಂಟೆ ನೋಡಿ ಒಲೆಯ ಮೇಲೆ ಅನ್ನಕ್ಕಿಟ್ಟಿದ್ದೀರಿ, ನಡುವೆ ಯಾರೋ ಬಂದು ಮುಳ್ಳನ್ನು ಐದು ನಿಮಿಷ ಹಿಂದಕ್ಕೆ ತಿರುಗಿಸಿದರು ಎಂದಿಟ್ಟುಕೊಳ್ಳಿ. ಅನ್ನ ಮುದ್ದೆಯಾಗದೆ ಇದ್ದೀತೇ? ಇನ್ನೊಂದು ಗಡಿಯಾರ ಸ್ಟಾಪ್‌ವಾಚ್‌ನಂಥದ್ದು. ಗಂಟೆ ಎಷ್ಟೆಂದು ಅದಕ್ಕೆ ತಿಳಿಯದು, ಆದರೆ ಹಿಂದಕ್ಕೆ ಎಂದೂ ಓಡದು.

ಇದೇನು ದೊಡ್ಡ ವಿಷಯ ಅಂತೀರಾ? 2017ರ ಜನವರಿ 1, ನಮ್ಮಲ್ಲಿ ಬೆಳಿಗ್ಗೆ 5.30 ಆಗುವ ಹೊತ್ತು. ಭೂಮಿಯ ತಿರುಗಾಟಕ್ಕೆ ಹೊಂದಿಸಲು ಆಗ ಜಗತ್ತಿನ ಸಮಯಕ್ಕೆ ಒಂದು ಸೆಕೆಂಡ್ ಸೇರಿಸಿದರು. 1972ರಿಂದ ಹೀಗೆ ಸೇರಿಸಿದ್ದು ಅದು 27ನೆಯ ಸಲ. ಕ್ಲೌಡ್‌ಫ್ಲೇರ್ ಎಂಬ ಇಂಟರ್ನೆಟ್ ಕಂಪನಿಯ ಒಂದು ಪ್ರೋಗ್ರಾಂ, ಯಾವ ಸರ್ವರ್ ಎಷ್ಟು ಬೇಗ ಉತ್ತರಿಸುತ್ತದೆ ಎಂದು ಗೋಡೆ ಗಡಿಯಾರದಿಂದಲೇ ಅಳೆಯುತ್ತಿತ್ತು. ಗಡಿಯಾರ ಹಿಂದೆ ಸರಿಯಿತು, ಕಳೆದರೆ ಬಂದದ್ದು ಸೊನ್ನೆಗಿಂತ ಕಡಿಮೆ! ಸಮಯ ಋಣವಾಗದು ಎಂದು ನಂಬಿದ್ದ ಕೋಡ್ ಅಲ್ಲೇ ಕುಸಿಯಿತು. ಪೂರ್ತಿ ಸರಿಹೋಗುವಾಗ ನಮ್ಮಲ್ಲಿ ಮಧ್ಯಾಹ್ನ. ಪಾಪ, ಹೊಸ ವರ್ಷದ ರಾತ್ರಿ ಡ್ಯೂಟಿಯಲ್ಲಿದ್ದವರು! ಆ ಪ್ರೋಗ್ರಾಂ ಬರೆದಿದ್ದ ಗೋ ಭಾಷೆ, ಅದೇ ವರ್ಷದ ಆಗಸ್ಟ್‌ನಲ್ಲಿ ಸ್ಟಾಪ್‌ವಾಚ್ ಗಡಿಯಾರವನ್ನೂ ಜೊತೆಗೆ ಓದುವಂತೆ ತಿದ್ದಿಕೊಂಡಿತು.

ಪೈಥಾನ್‌ನಲ್ಲಿ ಬರೆಯುವವರಿಗೆ ಇದು ಸುಲಭ. ಟೈಮ್ ಡಾಟ್ ಟೈಮ್ ಬಿಡಿ, 2012ರಲ್ಲಿ ಬಂದ ಪರ್ಫ್ ಕೌಂಟರ್ ಬಳಸಿ.

ಗಡಿಯಾರ ಸರಿಯಾದರೂ ಒಂದೇ ಸಲ ಅಳೆದು ನಂಬಬೇಡಿ. ದಾದರ್‌ನಿಂದ ಠಾಣೆಗೆ ಲೋಕಲ್ ಒಂದೊಂದು ದಿನ ಒಂದೊಂದು ಹೊತ್ತಿಗೆ ತಲುಪುತ್ತದಲ್ಲ, ಹಾಗೆ. ಸಿಗ್ನಲ್ ತಡ ಮಾಡೀತು, ಜನಸಂದಣಿ ತಡ ಮಾಡೀತು. ಬೇಗ ತಲುಪಿಸುವ ಅಡಚಣೆ ಮಾತ್ರ ಯಾವುದೂ ಇಲ್ಲ. ಕಂಪ್ಯೂಟರಿನಲ್ಲೂ ವೈರಸ್ ಸ್ಕ್ಯಾನ್, ಬ್ರೌಸರ್ ಎಲ್ಲ ಸೇರಿ ನಿಮ್ಮ ಕೋಡಿನ ಹೊತ್ತನ್ನು ಏರಿಸುತ್ತವೆ. ಅದಕ್ಕೇ ಪೈಥಾನ್‌ನ ಟೈಮ್‌ಇಟ್ ಅದೇ ಅಳತೆಯನ್ನು ಹಲವು ಸಲ ಮಾಡುತ್ತದೆ. ಅವುಗಳಲ್ಲಿ ಸರಾಸರಿಯನ್ನಲ್ಲ, ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯನ್ನು ನೋಡಿ. ಒಂದು ಮಾತು: ಟೈಮ್‌ಇಟ್ ಅಳೆಯುವಾಗ ಮೆಮೊರಿಯ ಕಸ ಗುಡಿಸುವ ಕೆಲಸವನ್ನು ನಿಲ್ಲಿಸಿರುತ್ತದೆ. ನಿಮ್ಮ ಕೋಡ್ ಹೆಚ್ಚು ಕಸ ಮಾಡುವಂಥದ್ದಾದರೆ ಅದನ್ನು ಮತ್ತೆ ಶುರುಮಾಡಿ ಅಳೆಯಿರಿ. ಮ್ಯಾನೇಜರ್ ಮುಂದಿಡಬೇಕಾದ ಸಂಖ್ಯೆ ಅದು.